ಎಡಗೈ ಮಾವಂದು, ಬಲಗೈ ಸೊಸೇದು

“ಪೋಯೆ! ಮತ್ತೆ ಬಿದ್ದೋಯ್ತು! ಲೇ ರತ್ನಾ, ನಿನ್ನ ಸೊಸೆಗೆ ಹೇಳೇ, ಈ ಕಡೆ ಗುಂಡಿ ಒತ್ತಲಿ.”

ಸೊಸೆ ಅನಿತ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ಆದರೂ ಕೋದಂಡರಾಮಪ್ಪನವರ ಮಾತು ಅಡುಗೆಮನೆಯಲ್ಲಿದ್ದ ಹೆಂಡತಿ ಗಂಗರತ್ನಮ್ಮನ ಮೂಲಕ ಸುತ್ತಿಕೊಂಡು ಬರಬೇಕು. ಮದುವೆಯಾಗಿ ವರ್ಷವಾಗುತ್ತಾ ಬಂದರೂ ಮಾವ ಅವಳೊಂದಿಗೆ ನೇರವಾಗಿ ಮಾತಾಡಿದವರಲ್ಲ, ಅವಳು ಅವರೆದುರು ಕೂತವಳಲ್ಲ. ಅದು ಆ ಮನೆಯ ಮರ್ಯಾದೆಯಂತೆ. ಸುಡುಗಾಡು ಮರ್ಯಾದೆ! ಅಪ್ಪನ ಜೊತೆ ಜಗಳವಾಡುತ್ತಲೇ ಬೆಳೆದ ಹುಡುಗಿಗೆ, ಇಲ್ಲಿ ತಾನಿನ್ನೂ ಹೊರಗಿನವಳೇ ಎಂದು ಒಳಗೊಳಗೇ ಸಂಕಟ.

ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಬರುವಾಗ ಸ್ಕೂಟರಿನಿಂದ ಬಿದ್ದು ಮಾವನ ಬಲಗೈ ಮುರಿದು, ಅದಕ್ಕೆ ಕಟ್ಟು ಹಾಕಿಸಿದ್ದರು. ಬೇಜಾರು ಕಳೆಯಲೆಂದು ಮಗ ವೆಂಕಟ್ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಆಟವೊಂದನ್ನು ತೆರೆದುಕೊಟ್ಟು ವೇಮಗಲ್‌ಗೆ ಡ್ಯೂಟಿಗೆ ಹೋಗಿದ್ದ. ಎಂಥ ಆಟವೋ! ಕಾಲೇ ಇಲ್ಲದ ಗುಂಡನೆಯ ಗೊಂಬೆ, ಬರೀ ಕೈಗಳಲ್ಲೇ ಬಂಡೆ ಹಿಡಿದು ಬೆಟ್ಟ ಹತ್ತಬೇಕು. ಕೀಬೋರ್ಡಿನ ಎಡ ತುದಿಯ ಗುಂಡಿ ಅದರ ಎಡಗೈಗೆ, ಬಲ ತುದಿಯದು ಬಲಗೈಗೆ. ಒತ್ತಿದರೆ ಹಿಡಿತ, ಬಿಟ್ಟರೆ ಜೋಲಿ. ಜೋಲಿಯ ರಭಸದಲ್ಲೇ ಮೇಲಿನ ಬಂಡೆಗೆ ಕೈ ಹಾಕಬೇಕು. ಒಂದೇ ಕೈಯ ಮಾವನಿಗೆ ಅದು ಹೇಗಾದೀತು?

“ಅನಿತಾ, ಅದೇನು ನೋಡೇ. ನನ್ನ ಕೈಯೆಲ್ಲ ಹಿಟ್ಟು,” ಎಂದು ಗಂಗರತ್ನಮ್ಮ ಒಳಗಿಂದಲೇ ಕೂಗಿದರು.

ಅನಿತ ನಿಂತೇ ಬಗ್ಗಿ ಬಲಗಡೆಯ ಗುಂಡಿ ಒತ್ತಿದಳು. ಗೊಂಬೆ ಜೋಲಾಡಿ ಬಿತ್ತು. ಮತ್ತೆ ಹತ್ತಿತು, ಮತ್ತೆ ಬಿತ್ತು. ಇಬ್ಬರೂ ಬಾಯಿ ಬಿಗಿದುಕೊಂಡಿದ್ದರೆ ಯಾರು ಬಿಡಬೇಕು, ಯಾರು ಹಿಡಿಯಬೇಕು, ಗೊತ್ತಾಗುವುದಾದರೂ ಹೇಗೆ? ಕೊನೆಗೆ ಅವಳಿಗೇ ತಡೆಯಲಾಗಲಿಲ್ಲ.

“ಮಾವಾ, ಬಿಡಿ! ಈಗ ಬಿಡಿ!”

“ನೀನು ಗಟ್ಟಿಯಾಗಿ ಹಿಡ್ಕೋಮ್ಮ... ಹಾಂ, ಬಿಟ್ಟೆ!”

“ಅಯ್ಯೋ, ಅಷ್ಟು ಅವಸರ ಮಾಡ್ಬೇಡಿ! ಬೀಳಿಸ್ತಿರೋದು ನೀವೇ!”

“ಚೆನ್ನಾಗಿ ಹೇಳ್ದೆ! ಜಾರಿದ್ದು ನಿನ್ನ ಕೈ ಕಣಮ್ಮ!”

ಟೇಕಲ್ ಬೆಟ್ಟದಂಥ ಬಂಡೆಗಳನ್ನು ಒಂದೊಂದಾಗಿ ದಾಟಿ ಗೊಂಬೆ ಮೇಲೇರಿತು. ಅನಿತ ಯಾವಾಗ ಮಂಚದ ಮೇಲೆ ಮಾವನ ಪಕ್ಕ ಕೂತಳೋ ಅವಳಿಗೇ ಗೊತ್ತಿಲ್ಲ. ಇನ್ನೊಂದೇ ಬಂಡೆ. ಮಾವ ಎಡಗೈ ಬಿಟ್ಟರು. ಗೊಂಬೆ ಅನಿತಳ ಹಿಡಿತವೊಂದರಲ್ಲೇ ನೇತಾಡುತ್ತಿತ್ತು. ಆಗಲೇ ಗಂಗರತ್ನಮ್ಮ ಕಾಫಿ ಹಿಡಿದು ಬಂದರು. ಅತ್ತೆಯನ್ನು ಕಂಡದ್ದೇ ತಡ, ಅನಿತ ಗುಂಡಿ ಬಿಟ್ಟು ದಡಕ್ಕನೆ ಎದ್ದು ನಿಂತಳು. ಗೊಂಬೆ ಉರುಳುರುಳಿ ಬುಡಕ್ಕೆ ಬಿತ್ತು.

ಆಯಿತು, ಇನ್ನು ಮತ್ತೆ ಬಾಗಿಲ ಹತ್ತಿರವೇ ಎಂದುಕೊಂಡ ಅನಿತಳಿಗೆ ಅಳುವೇ ಬಂದಂತಾಯಿತು.

ಗಂಗರತ್ನಮ್ಮ ಗಂಡನ ಮುಖ ನೋಡಿದರು. “ಕೂತ್ಕೋ ಅಂತ ಹೇಳ್ಲಾ ಅವಳಿಗೆ?”

ಕೋದಂಡರಾಮಪ್ಪ ಮಂಚದಲ್ಲಿ ಜರುಗಿ ಜಾಗ ಮಾಡುತ್ತಾ ರೇಗಿದರು: “ನೀನ್ಯಾಕೆ ಹೇಳ್ಬೇಕು? ನನಗೇನು ಬಾಯಿಲ್ವಾ?”