ಟ್ರಂಕಿನ ತಾಳ

ಹುಬ್ಬಳ್ಳಿಯ ಹಳೆಯ ರೈಲ್ವೆ ಕ್ವಾರ್ಟರ್ಸನ್ನು ಕೆಡವುವ ಮುನ್ನಾದಿನ, ಅಲ್ಲಿ ಬಾಳಿದವರೆಲ್ಲ ಗೋಡೆ ಕೆರೆದು ತಮ್ಮ ಸದ್ದುಗಳನ್ನು ಒಯ್ಯಲು ಬಂದಿದ್ದರು. ಕೆರೆದರೆ ಸುಣ್ಣದ ಗೋಡೆ ತಾನು ಕೇಳಿಸಿಕೊಂಡದ್ದನ್ನು ಒಂದೇ ಒಂದು ಸಲ ಮರಳಿ ಕೊಡುತ್ತದೆ. ಒಂದು ಮನೆಯಲ್ಲಿ ಶಾಂತಕ್ಕ, ಮಗಳು ಕೂಸಾಗಿದ್ದಾಗಿನ ಅಳುವನ್ನು ಫೋನಿಗೆ ತುಂಬಿಕೊಳ್ಳುತ್ತಿದ್ದಳು.

ರ‍್ಯಾಪ್ ಜೋಡಿಯಾಗಿದ್ದ ಯಮನೂರ ಮತ್ತು ದಾವಲ್ ಜಗಳವಾಡಿ ಬೇರಾಗಿ ಹನ್ನೆರಡು ವರ್ಷವಾಗಿತ್ತು. ಈಗ ಮತ್ತೆ ಕೂಡಿ ಒಂದು ಹಾಡು ಮಾಡುತ್ತಿದ್ದರು. ಹಿಂದೆ ತಾವು ಟ್ರಂಕು ಬಾರಿಸಿದ ತಾಳ ಅದಕ್ಕೆ ಬೇಕೆಂದು ದಾವಲ್‌ನ ಹಳೆಯ ಕೋಣೆಗೆ ಬಂದಿದ್ದರು.

ಯಮನೂರ ರೆಕಾರ್ಡಿಂಗ್ ಒತ್ತಿ ಗೋಡೆ ಕೆರೆದ. ತಾಳ ಬಂತು, ಇಬ್ಬರ ನಗು ಬಂತು. ಆಮೇಲೆ ಆ ಜಗಳವೂ, ತಾನು ಬಾಗಿಲು ಬಡಿದು ಹೊರಟ ಸದ್ದೂ ಬಂದವು.

"ಸಾಕು ಬಿಡಪಾ," ಎಂದು ದಾವಲ್ ಅವನ ಕೈ ಹಿಡಿದ. ಯಮನೂರ ಕೆರೆಯುವುದನ್ನು ಬಿಡಲಿಲ್ಲ.

ತಾಳ ಮತ್ತೆ ಶುರುವಾಯಿತು. ಗೋಡೆಯೊಳಗೆ ಎಳೆಯ ದಾವಲ್ ಒಬ್ಬನೇ ಹಾಡುತ್ತಿದ್ದ, ತನ್ನ ಸಾಲುಗಳನ್ನೂ ಯಮನೂರನ ಸಾಲುಗಳನ್ನೂ.

"ನಾ ಹ್ವಾದ ಮ್ಯಾಲ ನನ್ನ ಪಾಲಿಂದೂ ನೀನ ಹಾಡಿದಿ?"

"ನೀ ತಿರುಗಿ ಬರ್ತಿ ಅಂದ್ಕೊಂಡಿದ್ದೆ. ಅಲ್ಲೀತನಕ ಹಾಡು ಮರೀಬಾರದಲ್ಲ."

ಹಾಡು ಬಿಡುಗಡೆಯಾದಾಗ ಯಮನೂರನ ಚರಣದಲ್ಲಿ ಅವನ ದನಿ ಇರಲಿಲ್ಲ. ಆ ಜಾಗವನ್ನು ಅವನು ಗೋಡೆಯೊಳಗಿನ ಹತ್ತೊಂಬತ್ತು ವರ್ಷದ ದಾವಲ್‌ಗೆ ಬಿಟ್ಟುಕೊಟ್ಟಿದ್ದ.