ತಿದಿಯೊಳಗಿನ ಬಲ್ಬು

ವಕೀಲರು ಮರದ ಕ್ಯಾಮೆರಾವನ್ನು ಅಂಗಡಿಯ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತೊಳೆದ ಫಿಲ್ಮ್ ಹಾಳೆಗಳನ್ನು ಹರಡಿದರು. ಅಂಗೈಯಗಲದ ಹಾಳೆಗಳು. ಎಲ್ಲದರಲ್ಲೂ ಒಂದೇ ಮೂಲೆಗೆ ಹೊಗೆ ಹಿಡಿದಂತೆ ಕಪ್ಪು ಕಲೆ.

“ಇದೇನಾ ನೀವು ಮಾಡಿದ ರಿಪೇರಿ? ತಿದಿಯಲ್ಲಿ ಬೆಳಕು ಸೋರ್ತಿದೆ.”

“ಸೋರಲ್ಲ. ಕತ್ತಲೆ ಕೋಣೇಲಿ ನಾನೇ ನೋಡಿ ಕಳಿಸಿದ್ದು,” ಎಂದಳು ಅಕ್ಕ. “ಹಾಳೆ ತುಂಬುವಾಗ ನೀವೇ ಕೋಣೆ ಬಾಗಿಲು ಸರಿಯಾಗಿ ಹಾಕಿರಲ್ಲ.”

“ಕೋರ್ಟಿನಲ್ಲೂ ನಾನು ಇಷ್ಟು ಮಾತು ಕೇಳಿಲ್ಲ.”

“ಅಲ್ಲಿ ಜಡ್ಜ್ ಪಾಪ, ಒಳ್ಳೆಯವರು.”

ಹಾರ್ಮೋನಿಯಂನಂತೆ ಮಡಿಕೆ ಮಡಿಕೆಯಾದ ಆ ಚರ್ಮದ ತಿದಿಯನ್ನು ಅಂಟು ಹಾಕಿ ಕಟ್ಟಿದವನು ಅವಳ ತಮ್ಮ. ಆದರೆ ಅಂಗಡಿಯಿಂದ ಯಾವ ಕ್ಯಾಮೆರಾ ಹೊರಬೀಳಬೇಕಾದರೂ ಅಕ್ಕ ಹೂಂ ಅನ್ನಬೇಕು. ಹಳೆ ಕ್ಯಾಮೆರಾ ಇಟ್ಟುಕೊಂಡವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದದ್ದು ಆ ಹೂಂಗಾಗಿಯೇ. ಅದು ಸುಳ್ಳಾದರೆ ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ.

“ಬನ್ನಿ, ಕಣ್ಣಾರೆ ನೋಡಿ,” ಎಂದು ಅಕ್ಕ ಎದ್ದಳು. ಕಿಟಕಿಯಿಲ್ಲದ ಕೋಣೆಯಲ್ಲಿ ಮೂವರೂ ಮೈಗೆ ಮೈ ತಾಗಿಸಿ ನಿಂತರು. ಅವಳು ತಿದಿಯೊಳಗೆ ಉರಿಯುವ ಸಣ್ಣ ಬಲ್ಬೊಂದನ್ನು ಇಳಿಸಿ, ಹಿಂದೆ ಮುಂದೆ ಮುಚ್ಚಿ, ಕೋಣೆಯ ದೀಪ ಆರಿಸಿದಳು. ತಿದಿಯನ್ನು ಮುಖದ ಹತ್ತಿರ ತಂದು ಒಂದೊಂದೇ ಮಡಿಕೆ ಬಿಡಿಸುತ್ತಾ ಹೋದಳು.

“ನೋಡಿ. ಸೂಜಿಮೊನೆಯಷ್ಟಾದರೂ ಬೆಳಕು ಇದೆಯಾ?”

ಇತ್ತು. ಮೇಲಿನ ಮೂಲೆಯ ಮಡಿಕೆಯಲ್ಲಿ ಅಂಟು ಬಿಟ್ಟಿತ್ತು. ಅಲ್ಲಿಂದ ಹೊರಟ ಬೆಳಕು ನೇರ ಅಕ್ಕನ ಕೆನ್ನೆಯ ಮೇಲೆ ಬೊಟ್ಟಿನಂತೆ ಬಿದ್ದಿತ್ತು. ಅವಳು ಆ ಮಡಿಕೆಯನ್ನೇ ನೋಡುತ್ತಿದ್ದಳು. ಇಷ್ಟು ದಿನ ಸೂಜಿ ದಾರ ತಮ್ಮನ ಕೈಗೆ ತುರುಕಿ ಪೋಣಿಸಿಕೊಡು ಎನ್ನುತ್ತಿದ್ದದ್ದು ಅವಳ ಸೋಮಾರಿತನವಲ್ಲ ಎಂದು ಅವನಿಗೆ ಆಗ ಹೊಳೆಯಿತು.

ವಕೀಲರು ಕೆಮ್ಮಿದರು. “ಇಲ್ಲಮ್ಮ, ಏನೂ ಇಲ್ಲ. ನಾನೇ ಎಲ್ಲೋ ತಪ್ಪು ಮಾಡಿರಬೇಕು.” ಜಗಳಕ್ಕೆ ಬಂದವರ ದನಿ ಮೆತ್ತಗಾಗಿತ್ತು. ಕಾಯಿಲೆಯವರ ಮಂಚದ ಪಕ್ಕ ಕೂತು ಆಡುವ ದನಿ.

“ನಾನು ಹೇಳಲಿಲ್ವಾ,” ಎಂದಳು ಅಕ್ಕ.

ಅವರು ಬೈದಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ. ಆ ಮೆತ್ತನೆ ದನಿಯನ್ನು ತಡೆಯಲಾಗಲಿಲ್ಲ.

“ಅಕ್ಕ, ನನ್ನ ಅಂಟು ಬಿಟ್ಟಿದೆ. ಬೆಳಕು ನಿನ್ನ ಕೆನ್ನೆ ಮೇಲೇ ಬಿದ್ದಿದೆ.”

ಅವಳು ಎಡಗೈ ಎತ್ತಿ, ಮಸಿ ಮೆತ್ತಿದೆಯೇನೋ ಎಂಬಂತೆ ಕೆನ್ನೆ ಒರೆಸಿಕೊಂಡಳು. ಬೆಳಕು ಈಗ ಅವಳ ಬೆರಳುಗಳ ಮೇಲಿತ್ತು.