ನಾಲ್ವರು ಕೆಂಚಮ್ಮಂದಿರು

ಕೆಂಚಮ್ಮ ಬೈಕನ್ನು ತಂದು ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂಡಿ ಮೂಟೆ ಹೊತ್ತು ಹೊರಗೆ ಬರುತ್ತಿದ್ದ ಹುಚ್ಚಯ್ಯ ಹೊರೆ ಸಮೇತ ಹೊಸ್ತಿಲಲ್ಲೇ ನಿಂತ.

"ಒಸಿ ದಾರಿ ಬುಡವ್ವ."

"ಬುಡಾಕಿಲ್ಲ. ಎಲ್ಲವ್ನೆ ನಿಮ್ ಯಜಮಾನ?"

ಯಜಮಾನ ದಯಾನಂದ್ ಗಲ್ಲಾದ ಹಿಂದೆಯೇ ಇದ್ದ. ಸೋಲೂರಿನಲ್ಲಿ ಈ ಹಿಂಡಿ, ಬೂಸಾ ವ್ಯಾಪಾರ ಅವನ ತಂದೆಯ ಕಾಲದ್ದು. ಕಂಪ್ಯೂಟರ್ ಬಿಲ್ಲು ಮಾತ್ರ ಈಚಿನದು. ಆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟ ಮಧು ಅಂದು ಅದನ್ನು ನೋಡಿ ಹೋಗಲು ಬಂದು ಪಕ್ಕದಲ್ಲೇ ಕೂತಿದ್ದ.

ಕೆಂಚಮ್ಮ ಒಂದು ಬಿಲ್ಲನ್ನು ಗಲ್ಲಾದ ಮೇಲೆ ಬಡಿದಳು.

"ಓದು. ಎಲ್ರಿಗೂ ಕೇಳಂಗೆ ಓದು."

ದಯಾನಂದ್ ಓದಲಿಲ್ಲ. ಅದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು, ಬರೆದವನು ಅವನೇ. 'ಕೆಂಚಮ್ಮ' ಎಂಬ ಹೆಸರಿನ ಮುಂದೆ 'ಗಂಡ ಓಡಿಹೋದೋಳು' ಎಂದು ಅಚ್ಚಾಗಿತ್ತು.

ಆಗಿದ್ದು ಇಷ್ಟು. ಸಾಫ್ಟ್‌ವೇರ್ ಕೊಡುವಾಗಲೇ ಮಧು ಬುದ್ಧಿ ಹೇಳಿದ್ದ: "ಯಾರಿಗೋ ಒಂದಿನ ತೊಂದರೆ ಆಯ್ತು ಅಂತ ಇದನ್ನ ಬದಲಾಯಿಸೋಕೆ ಹೋಗ್ಬೇಡಿ ಸರ್. ದಿನಾ ಅದೇ ತಪ್ಪಾಗ್ತಿದ್ರೆ ಮಾತ್ರ ಹೇಳಿ." ದಿನಾ ಅದೇ ತಪ್ಪಾಗುತ್ತಿತ್ತು. ಗಿರಾಕಿಗಳಲ್ಲಿ ನಾಲ್ವರು ಕೆಂಚಮ್ಮಂದಿರು. ಕೆಂಪಯ್ಯಂದಿರನ್ನಂತೂ ಕೇಳಲೇಬೇಡಿ. ಒಬ್ಬಳು ಒಯ್ದ ಮೂಟೆ ಇನ್ನೊಬ್ಬಳ ಲೆಕ್ಕಕ್ಕೆ ಹೋಗಿ ದಿನವೂ ಜಗಳ. ಕೊನೆಗೆ ಮಧು 'ಗುರುತು' ಎಂಬ ಕಾಲಂ ಸೇರಿಸಿಕೊಟ್ಟ. ದಯಾನಂದ್ ಊರ ಬಾಯಲ್ಲಿ ಇದ್ದದ್ದನ್ನೇ ತುಂಬಿದ. ಎಮ್ಮೆ ಕೆಂಚಮ್ಮ, ಏರಿ ಮೇಲಿನ ಕೆಂಚಮ್ಮ, ಮೇಷ್ಟ್ರ ಮನೆ ಕೆಂಚಮ್ಮ, ಮತ್ತೆ ಇವಳು.

ಗುರುತು ಬಿಲ್ಲಿನಲ್ಲೂ ಬರುತ್ತಿದೆ ಎಂದು ತಿಳಿದದ್ದು ಸೊಟ್ಟಗಾಲು ಕೆಂಪಯ್ಯ ಬಂದು ಬಾಯಿಗೆ ಬಂದಂತೆ ಬೈದಾಗ. ದಯಾನಂದ್ ನಕ್ಕುಬಿಟ್ಟಿದ್ದ. ಮತ್ತೆ ಬದಲಾಯಿಸಬೇಕೆಂದರೆ ಮಧು ಮತ್ತೆ ದುಡ್ಡು ಕೇಳುತ್ತಾನೆ. ವಾರಕ್ಕೊಂದು ಮೂಟೆ ಒಯ್ಯುವವರ ಮಾನಕ್ಕೆ ಅಷ್ಟೊಂದು ಖರ್ಚೇ? ಗಲ್ಲಾದ ಹಿಂದೆ ಕೂತು ಹೀಗೆ ನಗುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

"ಮೂಟೆಗೆ ಪಿನ್ ಹೊಡ್ದು ಕಳ್ಸಿದ್ಯಲ್ಲ ಈ ಬಿಲ್ಲು, ಜಗಲಿ ಮ್ಯಾಲೇ ಇತ್ತು," ಎಂದಳು ಕೆಂಚಮ್ಮ. "ಭಾನ್ವಾರ ನಮ್ ನವ್ಯಶ್ರೀನ ನೋಡಕೆ ಅಕ್ಕೂರಿಂದ ಬಂದಿದ್ರು. ಹುಡುಗನ ಅವ್ವ ಇದನ್ನ ಓದುದ್ಲು. ಹುಡುಗ ಕಿಸಕ್ ಅಂತ ನಕ್ಕ. ನನ್ ಮಗಳು ಕಾಫಿ ಲೋಟ ಹಿಡ್ಕಂಡು ಅಲ್ಲೇ ನಿಂತಿದ್ಲು."

ಅಂಗಡಿಯಲ್ಲಿದ್ದವರು ತಲೆ ತಗ್ಗಿಸಿದರು. ಅವಳ ಗಂಡ ಕೆಂಪರಾಜುವಿನ ಸಂಗತಿ ಯಾರಿಗೆ ಗೊತ್ತಿಲ್ಲ? ನವ್ಯಶ್ರೀ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಸಂಜೆ ಊರು ಬಿಟ್ಟವನು ಮತ್ತೆ ಬರಲಿಲ್ಲ. ಬೈಕನ್ನು ಬಿಟ್ಟು ಹೋಗಿದ್ದ. ಒಂದು ಕಾಲಿನ ಚಪ್ಪಲಿ ಅಂಗಳದಲ್ಲೇ ಬಿದ್ದಿತ್ತು. ಯಾವಳನ್ನೋ ಕಟ್ಟಿಕೊಂಡು ಓಡಿಹೋದ ಎಂದು ಊರೇ ತೀರ್ಮಾನ ಮಾಡಿತು. ಕೆಂಚಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಅದೇ ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಓಡಾಡತೊಡಗಿದಳು.

"ತಪ್ಪಾಯ್ತು ಕಣಕ್ಕ," ಎಂದ ದಯಾನಂದ್.

"ತಪ್ಪಾಯ್ತು ಅಂದ್ರೆ ಆಗಲ್ಲ. ತಿದ್ದು."

"ಅದ್ಕೆ ಸಾಫ್ಟ್‌ವೇರೇ ಬದಲಾಯಿಸ್ಬೇಕು. ಗುರುತು ತೆಗೆದ್ರೆ ನಾಲ್ಕು ಕೆಂಚಮ್ಮಂದೂ ಮತ್ತೆ ಕಲಸೋಯ್ತದೆ. ಒಸಿ ದಿನ ಹೋಗ್ಲಿ..."

"ನಾಳೆ ಆ ಹುಡುಗ ಹಿರೀಕರನ್ನ ಕರ್ಕಂಡು ಮತ್ತೆ ಬತ್ತಾವ್ನೆ. ಈವತ್ತೇ ತಿದ್ದು. ಅಲ್ಲೀಗಂಟ ಈ ಬಾಗ್ಲು ಬುಡಾಕಿಲ್ಲ."

ಹೊರಗೆ ಗೂಡ್ಸ್ ಆಟೋದವನು ಹಾರ್ನ್ ಹೊಡೆಯತೊಡಗಿದ. ಜನ ಸೇರಿದರು. ದಯಾನಂದ್ ಕೆಂಚಮ್ಮನ ಕಡೆ ನೋಡುವುದನ್ನೇ ಬಿಟ್ಟು ಮಧುವಿನ ಜೊತೆ ಮಾತಾಡತೊಡಗಿದ.

"'ಒಂಟಿ ಹೆಂಗ್ಸು' ಅಂತ ಹಾಕಾನಾ?"

"ಅಲ್ಲ ಕಣಪ್ಪ..." ಎಂದಳು ಕೆಂಚಮ್ಮ.

"ಇರಕ್ಕ ಒಸಿ. 'ಗಂಡ ಊರಲ್ಲಿಲ್ಲ' ಅಂತ?"

"ನಾನ್ ಹೇಳದ್ನ..."

"ಗೊತ್ತಕ್ಕ, ನಿನ್ ಕಷ್ಟ ನಮಗೆ ಗೊತ್ತು," ಎಂದು ಅವನು ಅಂಗೈ ಅಡ್ಡ ಹಿಡಿದ. ಅವಳ ಬಾಯಿ ಮುಚ್ಚಿಸಲು ಊರಿನವರು ಯಾವಾಗಲೂ ಹಿಡಿಯುವ ಕೈ ಅದು. "ಮಧು, ಎಷ್ಟಾದ್ರೂ ಆಗ್ಲಿ, ದುಡ್ಡು ನಾನ್ ಕೊಡ್ತೀನಿ. ಗುರುತು ಪರದೆ ಮ್ಯಾಲಿರ್ಲಿ, ಬಿಲ್ಲಲ್ಲಿ ಬರದಂಗೆ ಮಾಡ್ಬುಡು. ಹೆಣ್ಮಗು ಮದ್ವೆ ವಿಷ್ಯ."

ಇಷ್ಟು ಹೇಳಿ, ಈಗ ಕೈಮುಗಿದಾಳು ಎಂಬಂತೆ ಅವಳತ್ತ ತಿರುಗಿದ. ಸೇರಿದ್ದವರೂ ಒಳ್ಳೇದಾಯ್ತು ಎಂದರು. ಹುಚ್ಚಯ್ಯ ಮೂಟೆ ಇಳಿಸಿ ಉಸಿರು ಬಿಟ್ಟ.

ಕೆಂಚಮ್ಮ ಗಲ್ಲಾವನ್ನು ಗುದ್ದಿದಳು. ಚಿಲ್ಲರೆ ಡಬ್ಬಿ ಉರುಳಿ ಬಿತ್ತು.

"ಅಳ್ಸು ಅಂತ ನಾನು ಯಾವಾಗ್ಲಾ ಅಂದೆ?"

ಯಜಮಾನನಿಗೆ ಹೆಂಗಸೊಬ್ಬಳು 'ಲೋ' ಎಂಬಂತೆ 'ಲಾ' ಎಂದದ್ದನ್ನು ಆ ಅಂಗಡಿ ಅದೇ ಮೊದಲು ಕೇಳಿತು. ಹಾರ್ನ್ ಕೂಡ ನಿಂತಿತು.

"ಹಾಗಾದ್ರೆ ಸಾಫ್ಟ್‌ವೇರಲ್ಲಿ ಏನು ಬದಲಾಯಿಸ್ಬೇಕಮ್ಮ?" ಮಧು ಮೆಲ್ಲಗೆ ಕೇಳಿದ. ಅವಳನ್ನು ಕೇಳಿದವನು ಅವನೊಬ್ಬನೇ.

"ಅದ್ರಲ್ಲಿ ಏನೂ ಬ್ಯಾಡ ಮಗ, ಅದು ನೆಟ್ಟಗೈತೆ. ಇವ್ನು ಬರ್ದಿರದು ಸುಳ್ಳು. ಇನ್ನೊಂದು ಮೂಟೆ ಕೊಡು, ಹೊಸ ಬಿಲ್ಲು ಮಾಡಿ ಎದುರಿಗೇ ಕಾಣಂಗೆ ಪಿನ್ ಹೊಡಿ."

"ಏನಂತ ಬರೀಲಿ?"

"ಅವ್ನು ಓಡೋಗ್ಲಿಲ್ಲ; ಮಗಳ ಮ್ಯಾಲೆ ಕೈ ಎತ್ತಿದ್ದಕ್ಕೆ ದೊಣ್ಣೆ ತಕ್ಕಂಡು ನಾನೇ ಓಡ್ಸಿದ್ದು, ಹಂಗಂತ ಬರಿ. ನಾಳೆ ಆ ಹುಡುಗ ಓದ್ಲಿ."